ಪಂಡಿತಾ ರಮಾಬಾಯಿ: ಬೇಡವಾದ ಬಸಿರಿಗೆ ತೆರೆದ ಬಾಗಿಲು

ಗಿರೀಶ ಕಾಸರವಳ್ಳಿ ಅವರ 1977ರ 'ಘಟಶ್ರಾದ್ಧ' ಚಿತ್ರವನ್ನು ಕಂಡವರಿಗೆ ಯಮುನಕ್ಕನ ನೆನಪು ಮಾಸುವುದಿಲ್ಲ. ಯು.ಆರ್. ಅನಂತಮೂರ್ತಿಯವರ ಕತೆಯಿಂದ ತೆರೆಗೆ ಬಂದ ಈ ಎಳೆಯ ವಿಧವೆ ಗರ್ಭಿಣಿಯಾಗುತ್ತಾಳೆ. ಗುಟ್ಟಾಗಿ ಗರ್ಭ ತೆಗೆಸಿದರೂ ಆಕೆಗೆ ಬಿಡುಗಡೆಯಿಲ್ಲ. ಕಾರಣನಾದವನು ಊರು ಬಿಟ್ಟು ಪಾರಾಗುತ್ತಾನೆ. ಹೆತ್ತ ತಂದೆ ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿ ಕುಲದಿಂದ ಹೊರಹಾಕುತ್ತಾನೆ. ತಲೆ ಬೋಳಿಸಿಕೊಂಡು ಮರದಡಿಯಲ್ಲಿ ಕುಳಿತ ಆ ಹೆಣ್ಣು ಮುಂದೆ ಎಲ್ಲಿಗೆ ಹೋದಳೆಂಬುದನ್ನು ಚಿತ್ರ ಹೇಳುವುದಿಲ್ಲ.

ಹೋಗಲು ಒಂದು ಜಾಗ ಬೇಕೆಂದು ಹಟ ಹಿಡಿದು ಅದನ್ನು ಕಟ್ಟಿದ ಹೆಣ್ಣುಮಗಳು ಹುಟ್ಟಿದ್ದು ಅದೇ ಮಲೆನಾಡಿನ ಘಟ್ಟದ ನೆತ್ತಿಯಲ್ಲಿ. ತುಂಗೆ, ಭದ್ರೆ, ನೇತ್ರಾವತಿಯರ ಉಗಮವೆನ್ನಲಾಗುವ ಗಂಗಾಮೂಲದ ಕಾಡಿನ ಆಶ್ರಮವೊಂದರಲ್ಲಿ, 1858ರ ಏಪ್ರಿಲ್ 23ರಂದು ರಮಾಬಾಯಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಅಂದಿನ ಮಂಗಳೂರು ಸೀಮೆಯ, ಇಂದಿನ ಕಾರ್ಕಳ ತಾಲೂಕಿನ ಮಾಳ ಗ್ರಾಮದವರು, ಚಿತ್ಪಾವನ ಬ್ರಾಹ್ಮಣರು. ಪುಣೆಯಲ್ಲಿ ಓದುತ್ತಿದ್ದಾಗ ತಮ್ಮ ಗುರುಗಳು ಪೇಶ್ವೆಯ ಪತ್ನಿಗೆ ಸಂಸ್ಕೃತ ಪಾಠ ಹೇಳುವುದನ್ನು ಕಂಡು, ಹೆಣ್ಣಿಗೇಕೆ ಈ ವಿದ್ಯೆ ನಿಷಿದ್ಧ ಎಂಬ ಪ್ರಶ್ನೆಯನ್ನು ಮನಸ್ಸಿನಲ್ಲಿ ಹೊತ್ತು ಊರಿಗೆ ಮರಳಿದ್ದರು. ಎಳೆಯ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸತೊಡಗಿದಾಗ ಬಂಧುಬಳಗ ತಿರುಗಿಬಿತ್ತು. ಉಡುಪಿಯ ಪಂಡಿತ ಸಭೆಯ ಮುಂದೆ ನಿಂತು, ಸ್ತ್ರೀಯರಿಗೆ ಸಂಸ್ಕೃತ ಕಲಿಸುವುದು ಶಾಸ್ತ್ರವಿರೋಧಿಯಲ್ಲವೆಂದು ಅವರು ವಾದಿಸಬೇಕಾಯಿತು. ನೆಮ್ಮದಿಯಾಗಿ ಪಾಠ ಹೇಳಲು ಕಾಡೇ ಲೇಸೆಂದು ಗಂಗಾಮೂಲಕ್ಕೆ ಹೋದರು.

ಆಶ್ರಮಕ್ಕೆ ಬಂದುಹೋಗುವವರ ಅತಿಥಿಸತ್ಕಾರದಲ್ಲಿಯೇ ಇದ್ದುದೆಲ್ಲ ಕರಗಿತು. ರಮಾ ಆರು ತಿಂಗಳ ಕೂಸಾಗಿದ್ದಾಗ ಕುಟುಂಬ ಬೀದಿಗೆ ಬಂತು. ಬೆತ್ತದ ಬುಟ್ಟಿಯಲ್ಲಿ ಆ ಕೂಸನ್ನು ತಲೆಯ ಮೇಲೆ ಹೊತ್ತು ಘಟ್ಟ ಇಳಿಸಲಾಯಿತು. ಮುಂದಿನ ಹದಿನೈದಕ್ಕೂ ಹೆಚ್ಚು ವರ್ಷ ತೀರ್ಥದಿಂದ ತೀರ್ಥಕ್ಕೆ ನಡೆಯುತ್ತ, ಪುರಾಣ ಓದಿ ಬಂದ ದಕ್ಷಿಣೆಯಲ್ಲಿ ಬದುಕು. ಪಾಠ ಹೇಳಿದವರು ತಾಯಿ. ದಾರಿಯುದ್ದಕ್ಕೂ ಕಿವಿಗೆ ಬಿದ್ದ ಕನ್ನಡ, ಹಿಂದೂಸ್ತಾನಿ, ಬಂಗಾಳಿಗಳೂ ಮರಾಠಿಯ ಜೊತೆ ಸೇರಿಕೊಂಡವು. 1870ರ ದಶಕದ ಬರಗಾಲದಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ತೀರಿಹೋದರು. ತಾಯಿಯ ಶವಕ್ಕೆ ಹೆಗಲು ಕೊಡಲು ಸಾಕಷ್ಟು ಜನ ಸಿಗದೆ, ಅಣ್ಣ ಶ್ರೀನಿವಾಸನ ಜೊತೆ ನಾಲ್ಕನೆಯವರಾಗಿ ರಮಾಬಾಯಿಯೇ ನಿಂತರು. ಗಿಡ್ಡ ದೇಹ ಹೆಗಲಿಗೆ ಎಟುಕದ ಕಾರಣ ತಲೆಯ ಮೇಲೆ ಹೊರಬೇಕಾಯಿತು.

ಅಣ್ಣ ತಂಗಿ 1878ರಲ್ಲಿ ಕಲ್ಕತ್ತೆ ತಲುಪಿದರು. ಭಾಗವತವನ್ನು ಕಂಠಪಾಠವಾಗಿ ಹೇಳುವ ಇಪ್ಪತ್ತರ ಅವಿವಾಹಿತ ಯುವತಿ ಅಲ್ಲಿನ ವಿದ್ವಾಂಸರಿಗೆ ಅಚ್ಚರಿಯಾದರು. 'ಪಂಡಿತಾ', 'ಸರಸ್ವತಿ' ಬಿರುದುಗಳು ಬಂದವು. 1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ನವೆಂಬರ್‌ನಲ್ಲಿ ಬಂಗಾಳದ ವಕೀಲ, ಜಾತಿಯಲ್ಲಿ ಶೂದ್ರರಾಗಿದ್ದ ಬಿಪಿನ್ ಬಿಹಾರಿ ಮೇಧಾವಿ ಅವರೊಡನೆ ಸಿವಿಲ್ ಕಾನೂನಿನನ್ವಯ ವಿವಾಹ. 1881ರ ಏಪ್ರಿಲ್‌ನಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಕಾಲರಾ ಗಂಡನನ್ನು ಕೊಂಡೊಯ್ದಿತು. ಇಪ್ಪತ್ಮೂರರ ಪಂಡಿತೆ, ಹತ್ತು ತಿಂಗಳ ಮಗುವಿನ ವಿಧವೆ.

ಆ ಕಾಲದಲ್ಲಿ ವಿಧವೆ ಎಂದರೆ ಏನೆಂಬುದನ್ನು ಕಾನೂನಿನ ಪುಟಗಳಿಂದಲೂ ತಿಳಿಯಬಹುದು. 1856ರ ಕಾಯ್ದೆ ಹಿಂದೂ ವಿಧವೆಯರ ಮರುಮದುವೆಯನ್ನು ಸಕ್ರಮಗೊಳಿಸಿತ್ತು. ಮೇಲ್ಜಾತಿಯ ಮನೆಗಳು ಅದನ್ನು ಕಾಗದದಲ್ಲೇ ಉಳಿಸಿದವು. 1860ರ ಭಾರತೀಯ ದಂಡ ಸಂಹಿತೆಯ 312ನೇ ಕಲಮು ಗರ್ಭಪಾತವನ್ನು ಅಪರಾಧವೆಂದು ಸಾರಿತು. ತಾಯಿಯ ಜೀವ ಉಳಿಸುವ ಸದುದ್ದೇಶವೊಂದನ್ನು ಬಿಟ್ಟರೆ ಬೇರೆ ವಿನಾಯಿತಿ ಇರಲಿಲ್ಲ. ತಾನಾಗಿ ಗರ್ಭ ಕಳೆದುಕೊಂಡ ಹೆಂಗಸೂ ಅಪರಾಧಿಯೇ. ಮುಂದಿನ ಕಲಮುಗಳು ಶಿಶುವನ್ನು ಬಿಟ್ಟುಹೋಗುವುದನ್ನೂ, ಹೆರಿಗೆಯನ್ನು ಮುಚ್ಚಿಡಲು ಶಿಶುವಿನ ಶವ ಮರೆಮಾಡುವುದನ್ನೂ ಹೆಸರಿಸಿದವು. ಎಂಟು ಹತ್ತು ವರ್ಷಕ್ಕೆ ವಿಧವೆಯಾದ ಹುಡುಗಿ ಬೆಳೆದು, ಮನೆಯವರೇ ಆದ ಗಂಡಸಿನ ಕೈಗೆ ಸಿಕ್ಕು ಗರ್ಭಿಣಿಯಾದರೆ ಆಕೆಯ ಮುಂದೆ ಉಳಿಯುತ್ತಿದ್ದುದು ಸೂಲಗಿತ್ತಿಯ ಗುಟ್ಟಿನ ಮದ್ದು, ಬಾವಿ, ಇಲ್ಲವೇ ತೀರ್ಥಯಾತ್ರೆಯ ನೆವದಲ್ಲಿ ದೂರದ ಕ್ಷೇತ್ರವೊಂದಕ್ಕೆ ಸಾಗಹಾಕುವಿಕೆ. ಮಡಿ ಕೆಡಿಸಿದವನ ಹೆಸರು ಯಾವ ಕಲಮಿನಲ್ಲೂ ಇರಲಿಲ್ಲ.

1881ರಲ್ಲಿ ಸೂರತ್‌ನ ವಿಜಯಲಕ್ಷ್ಮಿ ಎಂಬ ಬ್ರಾಹ್ಮಣ ವಿಧವೆಗೆ, ಹೆತ್ತ ಶಿಶುವನ್ನು ಕೊಂದ ಅಪರಾಧಕ್ಕಾಗಿ ನೇಣು ಶಿಕ್ಷೆ ವಿಧಿಸಲಾಯಿತು. ಮೇಲ್ಮನವಿಯಲ್ಲಿ ಅದು ಇಳಿಯಿತು. ಪತ್ರಿಕೆಗಳು ಹೆಂಗಸರ ನಡತೆಗೆಟ್ಟಿತೆಂದು ಬರೆದದ್ದನ್ನು ಓದಿ ಕೆರಳಿದ ತಾರಾಬಾಯಿ ಶಿಂಧೆ, 1882ರಲ್ಲಿ 'ಸ್ತ್ರೀ ಪುರುಷ ತುಲನಾ' ಪ್ರಕಟಿಸಿ ಗಂಡಸರ ನಡತೆಯನ್ನೂ ತಕ್ಕಡಿಗೆ ಏರಿಸಿದರು. ಅದಕ್ಕೂ ಮೊದಲೇ, 1863ರಲ್ಲಿ, ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿ ಪುಣೆಯಲ್ಲಿ ಶಿಶುಹತ್ಯೆ ತಡೆಯುವ ಗೃಹ ತೆರೆದಿದ್ದರು. ಗುಟ್ಟಾಗಿ ಬಂದು ಹೆತ್ತುಹೋಗಲು ವಿಧವೆಯರಿಗೆ ಅಲ್ಲಿ ಅವಕಾಶವಿತ್ತು. ಅಂಥದೊಬ್ಬ ಬ್ರಾಹ್ಮಣ ವಿಧವೆಯ ಮಗ ಯಶವಂತನನ್ನೇ ಅವರು ದತ್ತು ಪಡೆದರು. ಕನ್ನಡ ಸೀಮೆಯ ಭಕ್ತರೂ ನಡೆದುಹೋಗುವ ಪಂಢರಪುರದಲ್ಲಿ 1875ರಲ್ಲಿ ಅನಾಥ ಶಿಶುಗಳ ಆಶ್ರಯವೊಂದು ಆರಂಭವಾಯಿತು. ಹೀಗೆ ರಮಾಬಾಯಿ ಪುಣೆಗೆ ಬರುವ ವೇಳೆಗೆ ಸಮಸ್ಯೆ ಎಲ್ಲರಿಗೂ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವವರು ಕೆಲವರೇ ಇದ್ದರು.

1882ರಲ್ಲಿ ಪುಣೆಯಲ್ಲಿ ಆರ್ಯ ಮಹಿಳಾ ಸಮಾಜ ಸ್ಥಾಪಿಸಿದ ರಮಾಬಾಯಿ, ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ ಹೇಳಿಕೆ ನೀಡಿದರು. ಈ ದೇಶದ ಹೆಂಗಸರು ತಮ್ಮ ಕಾಯಿಲೆಯನ್ನು ಗಂಡಸು ವೈದ್ಯನ ಮುಂದೆ ಹೇಳಿಕೊಳ್ಳುವುದಕ್ಕಿಂತ ಸಾಯುವುದನ್ನೇ ಆಯ್ದುಕೊಳ್ಳುತ್ತಾರೆ, ಆದ್ದರಿಂದ ಹೆಣ್ಣುಮಕ್ಕಳಿಗೆ ವೈದ್ಯಶಿಕ್ಷಣ ಬೇಕೆಂಬುದು ಅದರ ತಿರುಳು. ತಾವೇ ವೈದ್ಯರಾಗಬೇಕೆಂಬ ಹಂಬಲದಿಂದ 1883ರಲ್ಲಿ ಪುಟ್ಟ ಮಗಳೊಡನೆ ಇಂಗ್ಲೆಂಡಿಗೆ ಹಡಗು ಹತ್ತಿದರು. ಶ್ರವಣದೋಷ ಆ ಕನಸನ್ನು ಮುರಿಯಿತು. ಜೊತೆಗೆ ಬಂದಿದ್ದ ಗೆಳತಿ ಆನಂದೀಬಾಯಿ ಭಗತ್ ಅಲ್ಲಿ ಆತ್ಮಹತ್ಯೆ ಮಾಡಿಕೊಂಡರು. ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ ಉಳಿದಿದ್ದ ರಮಾಬಾಯಿಗೆ ಅದು ಕತ್ತಲ ಕಾಲ.

ಅವರ ಬದುಕಿನ ದಿಕ್ಕು ಬದಲಿಸಿದ್ದು ದೇವತಾಶಾಸ್ತ್ರದ ವಾದವಲ್ಲವೆಂಬುದು ಗಮನಿಸಬೇಕಾದ ಸಂಗತಿ. ಸನ್ಯಾಸಿನಿಯರು ಅವರನ್ನು ಲಂಡನ್ನಿನ ಫುಲ್ಹ್ಯಾಮ್‌ಗೆ ಕಳಿಸಿದರು. ದಾರಿ ತಪ್ಪಿದವರೆಂದು ಸಮಾಜ ಬಿಟ್ಟ ಹೆಂಗಸರಿಗಾಗಿ ಅಲ್ಲೊಂದು ಆಶ್ರಯವಿತ್ತು. ಶೀಲ ಕಳೆದುಕೊಂಡ ಸ್ತ್ರೀಗೆ ಧರ್ಮಶಾಸ್ತ್ರಗಳು ವಿಧಿಸುವ ಘೋರ ದಂಡನೆಗಳನ್ನು ಮೂಲದಲ್ಲೇ ಓದಿ ಬಲ್ಲ ಪಂಡಿತೆ, ಅಂಥವರನ್ನು ಮೈಮುಟ್ಟಿ ಉಪಚರಿಸುವ, ಕೆಲಸ ಕಲಿಸುವ, ಮತ್ತೆ ಮನುಷ್ಯರ ಸಾಲಿಗೆ ಕರೆದುಕೊಳ್ಳುವ ಹೆಂಗಸರನ್ನು ಅಲ್ಲಿ ಕಂಡರು. ಇದಕ್ಕೆ ಪ್ರೇರಣೆ ಏನೆಂದು ಕೇಳಿದಾಗ ಸನ್ಯಾಸಿನಿಯೊಬ್ಬರು ಯೋಹಾನನ ಸುವಾರ್ತೆಯಲ್ಲಿ ಬರುವ ಸಮಾರ್ಯದ ಹೆಂಗಸಿನ ಪ್ರಸಂಗವನ್ನು ಓದಿ ಹೇಳಿದರು. ಐವರು ಗಂಡಂದಿರನ್ನು ಕಂಡು ಆರನೆಯವನೊಡನೆ ಬಾಳುತ್ತಿದ್ದವಳ ಬಳಿ ಯೇಸು ಬಾವಿಕಟ್ಟೆಯಲ್ಲಿ ಕುಳಿತು ನೀರು ಕೇಳಿದ ಪ್ರಸಂಗ ಅದು. 1883ರ ಸೆಪ್ಟೆಂಬರ್ 29ರಂದು ರಮಾಬಾಯಿ ಮಗಳೊಡನೆ ದೀಕ್ಷಾಸ್ನಾನ ಪಡೆದರು.

ಪುಣೆ ಇದನ್ನು ದ್ರೋಹವೆಂದು ಕಂಡಿತು. ಫುಲೆಯವರು ಮಾತ್ರ 1885ರ 'ಸತ್ಸಾರ' ಪತ್ರಿಕೆಯಲ್ಲಿ ಆಕೆಯ ಪರ ನಿಂತರು. ಆದರೆ ಕ್ರೈಸ್ತರಾದ ಮೇಲೂ ರಮಾಬಾಯಿ ಹೇಳಿದಂತೆ ಕೇಳುವವರಾಗಲಿಲ್ಲ. ತ್ರಿತ್ವದ ಬಗ್ಗೆ, ಬಿಷಪ್ಪರ ಅಧಿಕಾರದ ಬಗ್ಗೆ ಸಿಸ್ಟರ್ ಜೆರಾಲ್ಡಿನ್ ಅವರೊಡನೆ ಪತ್ರಗಳಲ್ಲಿ ದೀರ್ಘ ಜಗಳ ನಡೆಯಿತು. ಪುರೋಹಿತರ ಒಂದು ನೊಗ ಇಳಿಸಿ ಇನ್ನೊಂದನ್ನು ಹೊರಲು ತಾವು ಸಿದ್ಧರಿಲ್ಲವೆಂಬುದು ಅವರ ನಿಲುವು. ಈ ಹಟ ತಂದೆಯಿಂದ ಬಂದದ್ದಿರಬೇಕು.

1886ರಲ್ಲಿ ಬಂಧು ಆನಂದೀಬಾಯಿ ಜೋಶಿ ವೈದ್ಯಪದವಿ ಪಡೆಯುವ ಸಮಾರಂಭಕ್ಕೆಂದು ಅಮೆರಿಕದ ಫಿಲಡೆಲ್ಫಿಯಾಕ್ಕೆ ಹೋದ ರಮಾಬಾಯಿ, 1887ರಲ್ಲಿ ಮೇಲ್ಜಾತಿಯ ಹಿಂದೂ ಸ್ತ್ರೀಯ ಬದುಕನ್ನು ಕುರಿತ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದರು. ಹೆಣ್ಣುಶಿಶುಗಳನ್ನು ಅಫೀಮು ಕೊಟ್ಟೋ ಕತ್ತು ಹಿಸುಕಿಯೋ ಇಲ್ಲವಾಗಿಸುವ ಪದ್ಧತಿಯನ್ನು ಅದರಲ್ಲಿ ನಿರ್ದಾಕ್ಷಿಣ್ಯವಾಗಿ ಬಿಚ್ಚಿಟ್ಟರು. 1881ರ ಜನಗಣತಿಯಲ್ಲಿ ಗಂಡಸರಿಗಿಂತ ಹೆಂಗಸರ ಸಂಖ್ಯೆ 50 ಲಕ್ಷಕ್ಕೂ ಮಿಕ್ಕಿ ಕಡಿಮೆ ಇರುವುದನ್ನು ಎತ್ತಿ ತೋರಿದರು. ಭ್ರೂಣಲಿಂಗ ಪತ್ತೆ ತಡೆಗೆ 1994ರಲ್ಲಿ ಕಾಯ್ದೆ ಬರುವುದಕ್ಕೆ ಒಂದು ಶತಮಾನ ಮೊದಲೇ ಮಾಯವಾದ ಹೆಣ್ಣುಗಳನ್ನು ಲೆಕ್ಕ ಹಾಕಿದವರಲ್ಲಿ ಅವರೂ ಒಬ್ಬರು. ಬಾಸ್ಟನ್ನಿನಲ್ಲಿ ಅವರ ಹೆಸರಿನ ಸಂಘ ಹುಟ್ಟಿ ಹಣ ಕೂಡಿಸಿತು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರ ಶಾಲೆ 'ಶಾರದಾ ಸದನ' ತೆರೆಯಿತು. ಮರುವರ್ಷ ಪುಣೆಗೆ ಸ್ಥಳಾಂತರವಾಯಿತು. ಇಲ್ಲಿ ಮೊದಲಿಗೆ ಸೇರಿದ ವಿಧವೆ ಗೋದೂಬಾಯಿಯನ್ನು 1893ರಲ್ಲಿ ಧೋಂಡೋ ಕೇಶವ ಕರ್ವೆ ವಿವಾಹವಾದರು.

ಶಾರದಾ ಸದನ ಮತಪ್ರಚಾರ ಮಾಡುವುದಿಲ್ಲವೆಂಬ ಮಾತಿನ ಮೇಲೆ ನಿಂತ ಸಂಸ್ಥೆ. ರಮಾಬಾಯಿ ತಮ್ಮ ಕೋಣೆಯಲ್ಲಿ ಬಾಗಿಲು ತೆರೆದಿಟ್ಟೇ ಪ್ರಾರ್ಥಿಸುತ್ತಿದ್ದರು. ಕೆಲವು ಹುಡುಗಿಯರು ಬಂದು ಕೂರುತ್ತಿದ್ದರು. 1893ರಲ್ಲಿ ಇದು ಸ್ಫೋಟಿಸಿತು. ತಿಲಕರ 'ಕೇಸರಿ' ದಾಳಿ ನಡೆಸಿತು, ರಾನಡೆ ಮತ್ತು ಭಂಡಾರ್ಕರ್ ಸಲಹಾ ಮಂಡಳಿಯಿಂದ ಹೊರಬಂದರು, ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಪೋಷಕರು ಬಿಡಿಸಿಕೊಂಡು ಹೋದರು. ಟೀಕೆ ಪೂರ್ಣ ನಿರಾಧಾರವಾಗಿತ್ತೆಂದು ಹೇಳಲಾಗದು. ಅನ್ನ, ಅಕ್ಷರ, ಆಶ್ರಯ ಮೂರನ್ನೂ ಒಬ್ಬರ ಕೈಯಿಂದಲೇ ಪಡೆಯುವ ಹುಡುಗಿಗೆ ಆ ಕೈ ಪೂಜಿಸುವ ದೇವರು ಬೇಡವೆನ್ನುವ ಸ್ವಾತಂತ್ರ್ಯ ಎಷ್ಟಿರುತ್ತದೆ? ಆದರೆ ಬಿಡಿಸಿಕೊಂಡು ಹೋದ ಮನೆಗಳಲ್ಲಿ ಆ ಬಾಲೆಯರಿಗೆ ಕಾದಿದ್ದುದು ಏನೆಂಬುದನ್ನು ಸಂಪಾದಕೀಯಗಳು ಕೇಳಲಿಲ್ಲ.

ಆಮೇಲೆ ಮುಚ್ಚುಮರೆ ಉಳಿಯಲಿಲ್ಲ. 1896-97ರ ಕ್ಷಾಮದಲ್ಲಿ ಮಧ್ಯಪ್ರಾಂತದಿಂದ ನೂರಾರು ಹೆಣ್ಣುಮಕ್ಕಳನ್ನು ಕರೆತಂದ ರಮಾಬಾಯಿ, ಪುಣೆಯಿಂದ ಸೊಲ್ಲಾಪುರದ ಕಡೆ ಹೋಗುವ ರೈಲುಹಾದಿಯಲ್ಲಿರುವ ಕೇಡಗಾಂವದಲ್ಲಿ 'ಮುಕ್ತಿ ಸದನ' ಕಟ್ಟಿದರು. ಇದು ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆ. 1900ರ ಗುಜರಾತ್ ಕ್ಷಾಮದ ನಂತರ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರ ಮುಟ್ಟಿತು. ಮಗ್ಗ, ಎಣ್ಣೆಗಾಣ, ಹೈನು, ತೋಟ, ಮುದ್ರಣಾಲಯ ಎಲ್ಲವನ್ನೂ ಹೆಂಗಸರೇ ನಡೆಸಿದರು. ಕುರುಡರಿಗೊಂದು ಮನೆ, ಮುದುಕಿಯರಿಗೊಂದು ಮನೆ. ಇವುಗಳ ನಡುವೆ 'ಕೃಪಾಸದನ'.

ಕೃಪಾಸದನ ಫುಲ್ಹ್ಯಾಮ್‌ನಲ್ಲಿ ಕಂಡದ್ದರ ದೇಶೀ ರೂಪ. ಕ್ಷಾಮದ ಬೀದಿಯಲ್ಲಿ ದಲ್ಲಾಳಿಗಳ ಕೈಗೆ ಸಿಕ್ಕವರು, ಮೋಸಹೋದವರು, ಮನೆಯಿಂದ ಹೊರದಬ್ಬಿಸಿಕೊಂಡವರು ಇಲ್ಲಿಗೆ ಬಂದರು. ಉಳಿದ ಸಂಸ್ಥೆಗಳು ಕುಲೀನ ವಿಧವೆಯನ್ನು ಹುಡುಕಿ ಬಾಗಿಲು ತೆರೆಯುತ್ತಿದ್ದ ಕಾಲದಲ್ಲಿ, ಕುಲವೂ ಶೀಲವೂ ಹೋದವಳೆಂದು ಹೆಸರಾದವಳಿಗೆಂದೇ ಪ್ರತ್ಯೇಕ ಮನೆ ಕಟ್ಟಲು ಎದೆಗಾರಿಕೆ ಬೇಕಿತ್ತು.

ಗರ್ಭಪಾತದ ಬಗ್ಗೆ ಕ್ರೈಸ್ತಧರ್ಮದ ನಿಲುವು ಆಕೆಯ ಕಾಲಕ್ಕೆ ಹೊಸದಾಗಿರಲಿಲ್ಲ. ಆದಿಸಭೆಯ ಬೋಧನಾಗ್ರಂಥ 'ಡಿಡಕೆ'ಯಲ್ಲೇ ಅದು ನಿಷಿದ್ಧ. ಅಗಸ್ಟೀನ್, ಥಾಮಸ್ ಅಕ್ವಿನಾಸರು ಆಕಾರ ತಳೆದ ಪಿಂಡಕ್ಕೂ ತಳೆಯದ ಪಿಂಡಕ್ಕೂ ಭೇದ ಎಣಿಸಿದ್ದರೂ ಕೃತ್ಯವನ್ನು ಒಪ್ಪಿದವರಲ್ಲ. 1869ರಲ್ಲಿ ಪೋಪ್ ಒಂಬತ್ತನೆಯ ಪಯಸ್ ಕಥೋಲಿಕ ಸಭೆಯ ದಂಡನಾವಿಧಿಯಿಂದ ಆ ಭೇದವನ್ನೂ ತೆಗೆದುಹಾಕಿದರು. ಪ್ರೊಟೆಸ್ಟಂಟ್ ಸಭೆಗಳಲ್ಲಿ ಇಂದು ಹಲವು ದನಿಗಳಿವೆ. ಹತ್ತೊಂಬತ್ತನೇ ಶತಮಾನದಲ್ಲಿ ಅವೂ ಬಹುಮಟ್ಟಿಗೆ ನಿಷೇಧದ ಕಡೆಗೇ ಇದ್ದವು. ಬಸಿರಿನಲ್ಲಿರುವುದು ದೇವರ ಸೃಷ್ಟಿ, ಅದನ್ನು ತೆಗೆಯುವ ಹಕ್ಕು ಮನುಷ್ಯನಿಗಿಲ್ಲ ಎಂಬುದು ಇವೆಲ್ಲದರ ತಳಹದಿ.

ರಮಾಬಾಯಿ ಈ ವಿಷಯದಲ್ಲಿ ಶಾಸ್ತ್ರಗ್ರಂಥ ಬರೆದು ಹೆಸರಾದವರಲ್ಲ. ಆದರೆ ಅವರ ಕೆಲಸದಲ್ಲಿ ಒಂದು ಕ್ರೈಸ್ತ ಉತ್ತರವಿದೆ. ಜೀವ ಪವಿತ್ರವೆನ್ನುವವನು ಆ ಜೀವಕ್ಕೆ ತೊಟ್ಟಿಲು ಕಟ್ಟಬೇಕು. ಬಸಿರು ಹೊತ್ತವಳ ಮುಖಕ್ಕೆ ಬಾಗಿಲು ಹಾಕಿ ಶಿಶುಹತ್ಯೆಯನ್ನು ಖಂಡಿಸಲಾಗದು. ಅವರ ಲೆಕ್ಕದಲ್ಲಿ ಪಾಪದ ದೊಡ್ಡ ಪಾಲು ಬಾಲವಿವಾಹ ಮಾಡಿದ, ತಲೆ ಬೋಳಿಸಿದ, ಆಮೇಲೆ ಕೈಬಿಟ್ಟ ಮನೆಗಳದು. ಪಾಪವಿಲ್ಲವೆಂದು ಅವರು ಹೇಳಲಿಲ್ಲ. ಕೃಪಾಸದನದಲ್ಲಿ ಪಶ್ಚಾತ್ತಾಪ, ಪ್ರಾರ್ಥನೆ, ಕಟ್ಟುನಿಟ್ಟಿನ ದಿನಚರಿ ಎಲ್ಲವೂ ಇದ್ದವು. ಇಂದಿನ ಓದುಗರಿಗೆ ಅದು ಬಿಗಿಯೆನಿಸಬಹುದು. ಹೆಣ್ಣಿಗೆ ತನ್ನ ದೇಹದ ಮೇಲಿನ ತೀರ್ಮಾನ ತನ್ನದೆಂಬ ವಿಚಾರಕ್ಕೆ ಆ ಆವರಣದಲ್ಲಿ ಜಾಗವಿರಲಿಲ್ಲ. ಬೇಡವಾದ ಬಸಿರಿಗೆ ಆಶ್ರಯವೇ ಪೂರ್ತಿ ಉತ್ತರವಾಗುವುದಿಲ್ಲ ಎಂಬುದನ್ನು ಸ್ವತಂತ್ರ ಭಾರತ ಅನುಭವದಿಂದ ಕಲಿಯಿತು. ಗುಟ್ಟಿನ ಗರ್ಭಪಾತಗಳಿಂದ ಸಾಯುವ ತಾಯಂದಿರನ್ನು ಗಮನದಲ್ಲಿಟ್ಟು 1964ರಲ್ಲಿ ಶಾಂತಿಲಾಲ್ ಶಾ ಸಮಿತಿ ರಚನೆಯಾಯಿತು. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ನಿಬಂಧನೆಗಳೊಡನೆ ದಾರಿ ತೆರೆಯಿತು. 2021ರ ತಿದ್ದುಪಡಿ ಕೆಲವು ವರ್ಗದ ಮಹಿಳೆಯರಿಗೆ ಮಿತಿಯನ್ನು 24 ವಾರಗಳಿಗೆ ಏರಿಸಿತು. ಕಥೋಲಿಕ ಸಭೆ ಈ ಕಾಯ್ದೆಯನ್ನು ಒಪ್ಪಿಲ್ಲ.

ಧರ್ಮದ ನಿಲುವು ಆಶ್ರಯವಾಗದೆ ಕಾನೂನಿನ ಕಲಮಾಗಿ ನಿಂತಾಗ ಏನಾಗಬಹುದೆಂಬುದಕ್ಕೆ ಕರ್ನಾಟಕದ ಇನ್ನೊಬ್ಬ ಮಗಳ ಸಾವು ಸಾಕ್ಷಿ. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೆ ಆಸ್ಪತ್ರೆಗೆ ದಾಖಲಾದಾಗ ಹದಿನೇಳು ವಾರಗಳ ಗರ್ಭಿಣಿ. ಗರ್ಭ ಉಳಿಯುವುದಿಲ್ಲವೆಂದು ವೈದ್ಯರಿಗೆ ಗೊತ್ತಿತ್ತು. ಆದರೂ ಭ್ರೂಣದ ಎದೆಬಡಿತ ಇರುವವರೆಗೆ ಆಕೆ ಬೇಡಿದ ಗರ್ಭಪಾತ ನಡೆಯಲಿಲ್ಲ. ನಂಜೇರಿ ಅಕ್ಟೋಬರ್ 28ರಂದು ಆಕೆ ಕೊನೆಯುಸಿರೆಳೆದರು. ಸೋಂಕನ್ನು ಸಕಾಲದಲ್ಲಿ ಗುರುತಿಸದ ಲೋಪಗಳನ್ನೂ ಅಧಿಕೃತ ತನಿಖೆಗಳು ಎತ್ತಿ ಹೇಳಿದವು. ತಾಯಿಗೂ ಹುಟ್ಟದ ಶಿಶುವಿಗೂ ಜೀವದ ಸಮಾನ ಹಕ್ಕು ಕೊಟ್ಟಿದ್ದ 1983ರ ಸಂವಿಧಾನ ತಿದ್ದುಪಡಿಯನ್ನು, 2018ರ ಮೇ 25ರ ಜನಮತಗಣನೆಯಲ್ಲಿ ಐರ್ಲೆಂಡಿನ ಶೇ. 66ರಷ್ಟು ಮತದಾರರು ರದ್ದುಪಡಿಸಿದರು. ಮತ ಹಾಕಿದವರಲ್ಲಿ ದೇವಾಲಯಕ್ಕೆ ಹೋಗುವ ಕ್ರೈಸ್ತರೂ ಬಹಳ ಮಂದಿ ಇದ್ದರು. ರಮಾಬಾಯಿ ಬದುಕಿದ್ದರೆ ಯಾವ ಕಡೆ ನಿಲ್ಲುತ್ತಿದ್ದರೆಂದು ಊಹಿಸುವುದು ವ್ಯರ್ಥ. ಎರಡೂ ಕಡೆಯವರು ಅವರನ್ನು ತಮ್ಮವರೆನ್ನಬಲ್ಲರು.

ಕೊನೆಯ ವರ್ಷಗಳಲ್ಲಿ ಕನ್ನಡ ನೆಲಕ್ಕೆ ಅವರ ಸಂಬಂಧ ಮತ್ತೊಮ್ಮೆ ಕೂಡಿತು. ತಂದೆಯ ಊರು ಕಡಲ ಬದಿಯ ಮಂಗಳೂರಿನ ಸೀಮೆ. ಈಗ ಕೂಡಿದ್ದು ಯಲಬುರ್ಗಾ ಕಡೆಯ ಇನ್ನೊಂದು ಮಂಗಳೂರು, ಕೊಪ್ಪಳ, ಕುಷ್ಟಗಿ, ಗಂಗಾವತಿಗಳೆಲ್ಲ ಸೇರಿದ್ದ ನಿಜಾಮನ ರಾಜ್ಯದ ಕನ್ನಡ ಭಾಗ. 1910ರ ದಶಕದಲ್ಲಿ ಗುಲ್ಬರ್ಗಾದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಮನೋರಮಾಬಾಯಿ ಮುಂದಾಗಿ ಹೆಣ್ಣುಮಕ್ಕಳಿಗಾಗಿ 'ಶಾಂತಿಸದನ' ಶಾಲೆ ತೆರೆದರು. ಹೆಣ್ಣಿನ ಓದು ಅಪರೂಪವಾಗಿದ್ದ ಸೀಮೆಯಲ್ಲಿ ಅದು ಸಣ್ಣ ಮಾತಲ್ಲ.

ಮುಕ್ತಿಯನ್ನು ಮುಂದೆ ನಡೆಸಬೇಕಿದ್ದ ಮನೋರಮಾ 1921ರ ಜುಲೈ 24ರಂದು, ನಲವತ್ತರ ವಯಸ್ಸಿನಲ್ಲಿ ತೀರಿಕೊಂಡರು. ತಾಯಿ ಆಗ ಹೀಬ್ರೂ, ಗ್ರೀಕ್ ಮೂಲಗಳಿಂದ ಬೈಬಲನ್ನು ಹಳ್ಳಿಯ ಹೆಂಗಸರಿಗೂ ತಿಳಿಯುವ ಸರಳ ಮರಾಠಿಗೆ ತರುವ ಕೆಲಸದ ಕೊನೆಯ ಹಂತದಲ್ಲಿದ್ದರು. ಅದಕ್ಕಾಗಿ ಆ ಎರಡು ಭಾಷೆಗಳನ್ನೂ ನಡುವಯಸ್ಸಿನಲ್ಲಿ ಕಲಿತಿದ್ದರು. ಅಚ್ಚುಮೊಳೆ ಜೋಡಿಸಿದವರು, ಯಂತ್ರ ನಡೆಸಿದವರು, ಪುಟ ಮಡಚಿದವರು ಮುಕ್ತಿಯ ಹೆಣ್ಣುಗಳೇ. ಕರಡಚ್ಚು ತಿದ್ದುವ ಕೆಲಸ ಮುಗಿಯುತ್ತಿದ್ದಂತೆ, 1922ರ ಏಪ್ರಿಲ್ 5ರಂದು ರಮಾಬಾಯಿ ಕೇಡಗಾಂವದಲ್ಲಿ ನಿಧನರಾದರು. 1989ರಲ್ಲಿ ಭಾರತ ಸರ್ಕಾರ ಅವರ ಅಂಚೆಚೀಟಿ ಹೊರತಂದಿತು. ಅವರು ಕಟ್ಟಿದ ಮುಕ್ತಿ ಮಿಷನ್ ನಿರ್ಗತಿಕ ಹೆಂಗಸರನ್ನೂ ಮಕ್ಕಳನ್ನೂ ಇಂದಿಗೂ ಸೇರಿಸಿಕೊಳ್ಳುತ್ತಿದೆ.